ಅರಳುಮರಳಿಗೆ ರುಜು

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಕಟ್ಟಿದವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವೆಂದು ಕಾಣುತ್ತದೆ. ತುಂಬಿದ್ದರೆ ನಾಲಿಗೆ ಅಷ್ಟು ಸಲೀಸಾಗಿ ಹೊರಳುತ್ತಿರಲಿಲ್ಲ.

ಸೂಜಿಯಮ್ಮನಿಗೆ ಅರವತ್ತನಾಲ್ಕು. ಅದು ಬೀದಿಯವರು ಇಟ್ಟ ಹೆಸರು. ಮೂಲೆಯ ಡ್ರೈಕ್ಲೀನಿಂಗ್ ಅಂಗಡಿಯವನು ಕಳಿಸುವ ಕೋಟು, ಶಾಲು, ಉಣ್ಣೆಯ ಹೊದಿಕೆಗಳಿಗೆ ರಫೂ ಮಾಡುತ್ತಲೇ ಅವಳು ಮಗನನ್ನು ಸಾಕಿದ್ದಳು, ಓದಿಸಿದ್ದಳು, ಮದುವೆ ಮಾಡಿದ್ದಳು. ರಫೂ ಎಂದರೆ ತೇಪೆಯಲ್ಲ. ತೇಪೆ ಹಾಕಿದರೆ ಬಟ್ಟೆ ಹರಿದಿತ್ತೆಂದು ಊರಿಗೆಲ್ಲ ತಿಳಿಯುತ್ತದೆ. ರಫೂ ಮಾಡಿದರೆ ತಾನು ಹರಿದಿದ್ದೆನೆಂಬುದು ಬಟ್ಟೆಗೇ ಮರೆತುಹೋಗಬೇಕು. ಅದಕ್ಕೆ ಅಂಗಡಿಯಲ್ಲಿ ಸಿಗುವ ದಾರ ಆಗುವುದಿಲ್ಲ. ಅದೇ ಬಟ್ಟೆಯ ಒಳಮಡಿಕೆ ಬಿಚ್ಚಿ, ಅಲ್ಲಿಂದಲೇ ಎಳೆ ತೆಗೆದು, ತೂತಿನ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನೇಯಬೇಕು. "ಬಟ್ಟೆ ಗಾಯಕ್ಕೆ ಬಟ್ಟೇದೇ ಮಾಂಸ" ಎನ್ನುತ್ತಿದ್ದಳು ಸೂಜಿಯಮ್ಮ.

ಮಗ ಲಿಫ್ಟ್ ಮೆಕ್ಯಾನಿಕ್. ನಗರದ ದೊಡ್ಡ ಹೋಟೆಲೊಂದರ ನಾಲ್ಕೂ ಲಿಫ್ಟುಗಳು ಅವನ ಸುಪರ್ದಿಯಲ್ಲಿದ್ದವು. ಹತ್ತು ವರ್ಷ ಒಂದೇ ಒಂದು ಅವಘಡವಿಲ್ಲದೆ ಓಡಿದವೆಂದು ಹೋಟೆಲಿನವರು ಖುಷಿಪಟ್ಟು ಕಂಪನಿಗೆ ಒಂದು ಕೂಪನ್ ಕೊಟ್ಟರು, ಕಂಪನಿ ಅದನ್ನು ಅವನ ಕೈಗಿಟ್ಟಿತು. ಎರಡು ದಿನ, ಎರಡು ರೂಮು, ಇಡೀ ಸಂಸಾರಕ್ಕೆ.

"ಬೆಳಗಿನ ತಿಂಡಿ ಫ್ರೀ," ಎಂದ ಮಗ, ಕೂಪನ್ನನ್ನು ಊಟದ ಮೇಜಿನ ಮೇಲೆ ಹರಡಿ.

"ಊಟ?" ಎಂದಳು ಸೊಸೆ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ಯಾವ ಮಾತಿಗೂ ಇನ್ನೊಂದು ತುದಿ ಇರುತ್ತದೆಂದು ಬಲ್ಲವಳು.

"ಊಟ ಫ್ರೀ ಇಲ್ಲ. ಅದಕ್ಕೇ ತಿಂಡೀನ ಊಟದ ಹಾಗೆ ತಿನ್ಬೇಕು."

ಹನ್ನೊಂದರ ಮೊಮ್ಮಗಳಿಗೆ ಮನೆಯಲ್ಲಿ ಪಟಾಕಿ ಎಂದೇ ಹೆಸರು. "ಅಜ್ಜಿ, ಅಲ್ಲಿ ಬೆಳಿಗ್ಗೆ ಎದ್ಮೇಲೆ ಹಾಸಿಗೆ ಸರಿ ಮಾಡೋ ಹಾಗಿಲ್ಲ ಗೊತ್ತಾ? ಅವರೇ ಬಂದು ಮಾಡ್ತಾರೆ."

"ಕೈಕಾಲು ಗಟ್ಟಿಯಾಗಿರೋ ನಾನು ಎದುರಿಗೆ ಕೂತ್ಕೊಂಡು, ಇನ್ನೊಬ್ಬಳು ಬಂದು ನನ್ನ ಹಾಸಿಗೆ ಕೊಡವೋದಾ? ಅದೆಂಥ ಸುಖವೇ?"

"ಅದೇ ಸುಖ ಅತ್ತೆ," ಎಂದು ಸೊಸೆ ನಕ್ಕಳು. "ಎರಡು ದಿನ ಸಹಿಸ್ಕೊಳ್ಳಿ."

ಹೋಟೆಲಿನಲ್ಲಿ ಎಲ್ಲರಿಗೂ ಬೇಕಾದದ್ದು ಸಿಕ್ಕಿತು. ಪಟಾಕಿಗೆ ಈಜುಕೊಳ ಸಿಕ್ಕಿತು. ಸೊಸೆಗೆ ಬಾತ್‌ಟಬ್ ಸಿಕ್ಕಿತು; ಮದುವೆಯಾಗಿ ಹದಿಮೂರು ವರ್ಷದಲ್ಲಿ ಮೊದಲ ಸಲ ಹೊರಗಿನಿಂದ ಯಾರೂ ಬಾಗಿಲು ಬಡಿಯದೆ ಒಂದು ಗಂಟೆ ನೀರಿನಲ್ಲಿ ಕುಳಿತಳು, ಹೊರಗೆ ಬಂದಾಗ ಬೆರಳ ತುದಿ ಒಣದ್ರಾಕ್ಷಿಯಾಗಿತ್ತು. ಮಗ ಮಾತ್ರ ಲಿಫ್ಟಿನಲ್ಲಿ ನಿಂತಾಗಲೆಲ್ಲ ಕಿವಿ ನಿಮಿರಿಸಿ ಮೋಟಾರಿನ ಸದ್ದು ಕೇಳುತ್ತಿದ್ದ. "ರೀ, ನೀವು ಅತಿಥಿ ಕಣ್ರೀ ಈಗ," ಎಂದು ಸೊಸೆ ತಿವಿದರೆ, "ಮೂರನೇ ಮಹಡೀಲಿ ಸ್ವಲ್ಪ ಕೊಸರುತ್ತೆ," ಎನ್ನುತ್ತಿದ್ದ.

ಸೂಜಿಯಮ್ಮ ಐದನೇ ಮಹಡಿಯ ರೂಮಿನಲ್ಲಿ ಮೊಮ್ಮಗಳ ಜೊತೆ ಉಳಿದಿದ್ದಳು. ಕಿಟಕಿ ತೆರೆಯುವಂತಿರಲಿಲ್ಲ. ನೆಲಹಾಸು ಹೆಜ್ಜೆಯ ಸದ್ದನ್ನೇ ನುಂಗುತ್ತಿತ್ತು. ಮಂಚದ ಮೇಲೆ ನೀಲಿಗೆ ಬೂದು ಬೆರೆತ ಉಣ್ಣೆಯ ಹೊದಿಕೆ. ಕೈಮಗ್ಗದ್ದು, ಬೆರಳಿಟ್ಟೊಡನೆ ತಿಳಿಯುತ್ತದೆ. ಅದರ ಒಂದು ಮೂಲೆಯಲ್ಲಿ ಸುಮ್ಮನೆ ಒಂದು ಚಿಕ್ಕ ದಿಂಬು ಇಟ್ಟಿದ್ದರು. ಎತ್ತಿ ನೋಡಿದರೆ, ಅಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ತೂತು. ಯಾರೋ ಸಿಗರೇಟಿನ ಕಿಡಿ ಬೀಳಿಸಿದ್ದರು. ಅಂಚು ಕಪ್ಪಾಗಿತ್ತು, ಎಳೆಗಳು ಬಿಚ್ಚಿಕೊಳ್ಳತೊಡಗಿದ್ದವು.

ಇಂಥದ್ದನ್ನು ಕಂಡೂ ಸುಮ್ಮನಿರುವುದು ಅವಳ ಜಾಯಮಾನವಲ್ಲ. ಎರಡನೆಯ ದಿನ ಬೆಳಿಗ್ಗೆ ಕೆಳಗಿನ ಹಾಲ್‌ನಲ್ಲಿ ಎರಡು ಮೊಟ್ಟೆ, ಒಂದು ತುಂಡು ಬ್ರೆಡ್ಡು ತಿಂದು, ಉಳಿದವರು ತಿಂಡಿಯನ್ನು ಊಟದ ಹಾಗೆ ತಿನ್ನುತ್ತಿದ್ದಾಗ ಮೇಲೆ ಬಂದಳು. ಕೈಚೀಲದಲ್ಲಿ ಸೂಜಿ, ಬೆರಳುದ್ದದ ಕತ್ತರಿ ಇದ್ದೇ ಇರುತ್ತಿದ್ದವು. ಬಚ್ಚಲಿನ ಗಾಜಿನ ಲೋಟವನ್ನು ಬೋರಲು ಹಾಕಿ, ಅದರ ತಳದ ಮೇಲೆ ತೂತನ್ನು ಬಿಗಿಯಾಗಿ ಎಳೆದು ಕೂರಿಸಿದಳು. ಸುಟ್ಟ ಅಂಚು ಕತ್ತರಿಸಿದಳು. ಹೊದಿಕೆಯ ಕೆಳ ಅಂಚಿನ ಮಡಿಕೆಯನ್ನು ನಾಲ್ಕು ಬೆರಳಗಲ ಬಿಚ್ಚಿ ಎಳೆ ತೆಗೆದಳು. ಉದ್ದದ ಎಳೆಗಳು ಮುಗಿದು ಅಡ್ಡದವು ಅರ್ಧಕ್ಕೆ ಬಂದಿದ್ದವು. ಆಗ ಬಾಗಿಲು ತೆರೆಯಿತು.

ಒಳಗೆ ಬಂದವಳು ಕಪ್ಪು ಕೋಟಿನ ಸೂಪರ್‌ವೈಸರ್. ಹಿಂದೆ ಗುಡಿಸುವ ಹೆಂಗಸು.

"ಏನ್ ಮಾಡ್ತಿದೀರಾ ನೀವು?"

"ತೂತಾಗಿತ್ತು ಕಣಮ್ಮ. ಇನ್ನೊಂದು ಗಳಿಗೆ, ಮುಗಿದುಹೋಗುತ್ತೆ."

"ಕತ್ತರೀಲಿ ಕತ್ತರಿಸ್ತಾ ಇದೀರಿ! ಅಂಚೆಲ್ಲ ಬಿಚ್ಚಿಹಾಕಿದೀರಿ! ಅದರ ಬೆಲೆ ಗೊತ್ತಾ ನಿಮಗೆ?"

"ಬೆಲೆ ಗೊತ್ತಿರೋದಕ್ಕೇ ಅಲ್ವೇ ತಾಯಿ ಕೂತಿರೋದು?"

ಸೂಪರ್‌ವೈಸರ್ ಫೋನ್ ಎತ್ತಿಕೊಂಡಳು. ಮಗ ಓಡಿ ಬಂದ. ಬಾಯಿಯ ತುದಿಗೆ ಜಾಮ್ ಅಂಟಿತ್ತು. ಹತ್ತು ವರ್ಷದಿಂದ ನೀಲಿ ಅಂಗಿಯಲ್ಲಿ ಅವನನ್ನು ಕಂಡಿದ್ದ ಸೂಪರ್‌ವೈಸರ್, ಬಿಳಿ ಅಂಗಿಯಲ್ಲಿ ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ದನಿ ಇನ್ನೂ ಏರಿತು. "ನೀವಾ? ನಿಮ್ಮ ತಾಯಿನಾ ಇವರು?"

"ಸಾರಿ ಮೇಡಂ. ಸಾರಿ. ಒಂದ್ನಿಮಿಷ ಹೊರಗೆ ಬನ್ನಿ ಮೇಡಂ."

"ಏನಕ್ಕೋ ಸಾರಿ? ತೂತು ನಾ ಮಾಡಿದ್ದಲ್ಲ ಕಣೋ! ಆ ದಿಂಬಿಟ್ಟು ಮುಚ್ಚಿದ್ರು, ಇವರನ್ನೇ ಕೇಳು!"

"ಸುಮ್ನಿರಮ್ಮ!"

ಮಗನೂ ಮೇಡಮ್ಮೂ ಹೊರಗಿನ ಕಾರಿಡಾರಿನಲ್ಲಿ ಐದು ನಿಮಿಷ ಪಿಸುಗುಟ್ಟಿದರು. ಒಳಗೆ ಗುಡಿಸುವ ಹೆಂಗಸು ಬಗ್ಗಿ, ಅರ್ಧ ನೇಯ್ದ ಜಾಗದ ಮೇಲೆ ಬೆರಳಾಡಿಸಿದಳು. ಮುಗಿದ ಅರ್ಧ ಎಲ್ಲಿ ಶುರುವಾಗಿದೆಯೆಂದು ಅವಳ ಬೆರಳಿಗೆ ಸಿಗಲಿಲ್ಲ. ಸೂಜಿಯಮ್ಮನ ಮುಖ ನೋಡಿದಳು. ಬಾಗಿಲ ಕಡೆ ಕಣ್ಣು ಹಾಯಿಸಿ, ಹೊದಿಕೆಯನ್ನು ಮಡಚತೊಡಗಿದಳು.

ಮಗ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. "ಎಲ್ಲಾ ಸರಿಹೋಯ್ತು. ದುಡ್ಡೇನೂ ಕೇಳಲ್ವಂತೆ. ಒಂದು ರುಜು ಹಾಕ್ದೆ, ಮುಗೀತು."

"ಯಾವುದಕ್ಕೆ ರುಜು?"

"ಅದೇನೋ ಫಾರಂ. ಬಿಡಮ್ಮ. ರಜಾ ಬಂದಿದೀವಿ, ಖುಷಿಯಾಗಿರು."

ಆ ಫಾರಮ್ಮಿನಲ್ಲಿ ಏನಿತ್ತೆಂದು ತಿಳಿದದ್ದು ಒಂದು ವಾರವಾದ ಮೇಲೆ, ಭಾನುವಾರ ಬೆಳಿಗ್ಗೆ. ಹೋಟೆಲಿನಿಂದ ತಂದ ಪುಟಾಣಿ ಸಾಬೂನು ಹುಡುಕುತ್ತ ಪಟಾಕಿ ಅಪ್ಪನ ಚೀಲವನ್ನು ತಲೆಕೆಳಗು ಮಾಡಿದಳು. ಸಾಬೂನಿನ ಜೊತೆ ನಾಲ್ಕು ಮಡಿಕೆಯ ಕಾಗದ ಬಿತ್ತು. ಶಾಲೆಯಲ್ಲಿ ಗಟ್ಟಿಯಾಗಿ ಓದುವುದಕ್ಕೆ ಬಹುಮಾನ ಪಡೆದವಳು. ಬ್ರೆಡ್ಡು ಅಗಿಯುತ್ತಲೇ ಶುರುಮಾಡಿದಳು.

"'ಅತಿಥಿಯ ತಾಯಿಯವರು ವಯೋಸಹಜ ಬುದ್ಧಿಭ್ರಮಣೆಯಿಂದ ಕತ್ತರಿಯಲ್ಲಿ ಹೊದಿಕೆಯನ್ನು ಹಾಳುಮಾಡಿರುತ್ತಾರೆ. ಇದನ್ನು ಅತಿಥಿಯವರು ಒಪ್ಪಿ ರುಜು ಮಾಡಿರುತ್ತಾರೆ. ಮಾನವೀಯ ದೃಷ್ಟಿಯಿಂದ ದಂಡವನ್ನು ಮನ್ನಾ ಮಾಡಲಾಗಿದೆ.' ಅಪ್ಪಾ, ಬುದ್ಧಿಭ್ರಮಣೆ ಅಂದ್ರೇನು?"

ಮಗನ ಕೈಯ ಚಹಾ ಬಾಯಿಗೂ ಹೋಗಲಿಲ್ಲ, ಮೇಜಿಗೂ ಇಳಿಯಲಿಲ್ಲ.

"ಹೇಳೋ," ಎಂದಳು ಸೂಜಿಯಮ್ಮ. "ಮಗು ಕೇಳ್ತಿದೆ."

"ಅದು ಅವರ ಭಾಷೆ ಅಮ್ಮ. ಆಫೀಸಿನ ಭಾಷೆ."

"ಅವರ ಭಾಷೆ ಇರಲಿ. ಕಾರಿಡಾರಲ್ಲಿ ನಿಂತು ನಿನ್ನ ಬಾಯಿಂದ ಬಂದ ಮಾತು ಯಾವುದು?"

"ಈಗ ಅದ್ಯಾಕೆ..."

"ಯಾವ ಮಾತು?"

"ಏನೋ... ಅಮ್ಮಂಗೆ ಸ್ವಲ್ಪ ಅರಳುಮರಳು ಅಂದೆ."

ಸೊಸೆ ಎದ್ದು, ಉರಿಯದ ಒಲೆಯ ಮೇಲಿನ ಪಾತ್ರೆ ಕಲಕತೊಡಗಿದಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ಅವಳ ಬೆನ್ನೇ ಹೇಳುತ್ತಿತ್ತು.

"ಅಮ್ಮ, ಆ ಹೊದಿಕೆ ಬೆಲೆ ನನ್ನ ಎರಡು ತಿಂಗಳ ಸಂಬಳ. ಕಾಂಟ್ರಾಕ್ಟು ಈ ವರ್ಷ ಹೊಸದಾಗಬೇಕು. ಅವರ ಮ್ಯಾನೇಜರು ಒಂದು ಮಾತು ಅಂದ್ರೆ ಕಂಪನಿ ನನ್ನ ಅಲ್ಲಿಂದ ಎತ್ತಿ ಎಲ್ಲಿಗೆ ಹಾಕುತ್ತೋ! ಒಂದು ಮಾತು ಹೇಳಿ ಎಲ್ಲಾ ಉಳಿಸ್ದೆ. ನಿನಗೆ ಅದರಿಂದ ಏನು ಹೋಯ್ತು? ಅಲ್ಲಿ ನಿನ್ನ ಯಾರು ಬಲ್ಲರು?"

"ಹೊದಿಕೆ ಬೆಲೆ ಕೇಳ್ದೆ ನೀನು. ನನ್ನ ತಲೆ ಬೆಲೆ ಎಷ್ಟು ಅಂತ ಕೇಳಿದ್ಯಾ? ಇಲ್ಲ, ಅದು ಬಿಟ್ಟಿ ಬಂತು ಅಂತ ಬಿಟ್ಟಿ ಕೊಟ್ಟುಬಂದ್ಯಾ?"

"ಬರೀ ಮಾತಿಗೆ ಇಷ್ಟೊಂದಾ?"

"ಬರೀ ಮಾತಾದ್ರೆ ಗಾಳಿಗೆ ಹೋಗ್ತಿತ್ತು. ರುಜು ಹಾಕಿದೀಯಲ್ಲೋ ಕೆಳಗೆ! ಹೋಗಿ ತಪ್ಪಾಯ್ತು ಅಂತ ಬರೆಸಿ ಬಾ."

"ಹುಚ್ಚಾ ನಿನಗೆ?" ಎಂದುಬಿಟ್ಟ ಮಗ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಸೂಜಿಯಮ್ಮ ಅರ್ಧ ತಿಂದ ತಟ್ಟೆ ಎತ್ತಿಕೊಂಡು ಎದ್ದಳು. "ಅದೂ ಒಂದು ಕಾಗದದ ಮೇಲೆ ಬರೆದು ರುಜು ಹಾಕಿಡು."

ಅಂದಿನಿಂದ ಅವಳು ಬುದ್ಧಿ ಬೇಕಾದ ಕೆಲಸವನ್ನೆಲ್ಲ ಬಿಟ್ಟಳು. ಸೊಂಟದ ಕೀಲಿಗೊಂಚಲು ಬಿಚ್ಚಿ ಸೊಸೆಯ ಮುಂದಿಟ್ಟಳು. "ಭ್ರಮಣೆ ಇರೋಳ ಹತ್ರ ಕೀಲಿ ಇರಬಾರದಮ್ಮ. ಎಲ್ಲಾದ್ರೂ ನುಂಗಿಬಿಟ್ಟೇನು."

ಹಾಲಿನವನು ರಜೆಯ ದಿನ ಬರುವುದಿಲ್ಲ, ಹಿಂದಿನ ದಿನವೇ ಎರಡು ಪ್ಯಾಕೆಟ್ ತರಬೇಕು. ಗ್ಯಾಸ್ ಮುಗಿಯುವ ನಾಲ್ಕು ದಿನ ಮೊದಲು ಫೋನ್ ಮಾಡಬೇಕು. ನೀರಿನ ತೊಟ್ಟಿ ತುಂಬಿದರೆ ಕೆಳಮನೆಯವರ ಗೋಡೆಗೆ ಇಳಿಯುತ್ತದೆ. ಪಟಾಕಿಯ ಶಾಲೆಯ ಬಿಳಿ ಬೂಟಿಗೆ ಬುಧವಾರವೇ ಬಣ್ಣ ಬಳಿದರೆ ಗುರುವಾರಕ್ಕೆ ಒಣಗುತ್ತದೆ. ಇದೆಲ್ಲ ಅವಳ ತಲೆಯಲ್ಲಿತ್ತು, ಬೇರೆಲ್ಲೂ ಬರೆದಿರಲಿಲ್ಲ. ಮೊದಲ ವಾರ ಹಾಲಿಲ್ಲದ ಚಹಾ ಕುಡಿದರು. ಎರಡನೆಯ ವಾರ ಅನ್ನ ಅರ್ಧ ಬೆಂದಾಗ ಗ್ಯಾಸ್ ನಿಂತಿತು. ಸೊಸೆ ಸಿಟ್ಟಿನಲ್ಲಿ ಬ್ರೆಡ್ಡಿಗೆ ಉಪ್ಪಿನ ಬೆಣ್ಣೆ ಸವರಿ ಎಲ್ಲರ ಮುಂದೆ ಕುಕ್ಕಿದಳು. ಕೆಳಮನೆಯವರು ಒದ್ದೆ ಗೋಡೆ ತೋರಿಸಲು ಎರಡು ಸಲ ಮೆಟ್ಟಿಲೇರಿ ಬಂದರು.

"ಅತ್ತೆ, ತೊಟ್ಟಿ ತುಂಬಿದ್ದು ಕಾಣ್ಲಿಲ್ವಾ ನಿಮಗೆ? ಅಲ್ಲೇ ಕೂತಿದ್ರಲ್ಲ!"

"ಕಂಡ್ತಮ್ಮ. ಆದ್ರೆ ಅದು ನಿಜವಾದ ನೀರೋ ನನ್ನ ಭ್ರಮಣೆಯೋ, ಹೇಗೆ ಹೇಳೋದು?"

ಪಟಾಕಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಮತ್ತೆ ಕೋಟಿಗೆ ರಫೂ ಮಾತ್ರ ಮಾಡ್ತೀಯಲ್ಲ ಅಜ್ಜಿ?"

"ಅದು ಬೆರಳಿನ ಬುದ್ಧಿ ಕಣೇ. ನಿಮ್ಮಪ್ಪ ತಲೇದು ಮಾತ್ರ ಬರ್ಕೊಟ್ಟಿದಾನೆ, ಬೆರಳು ಇನ್ನೂ ನಂದೇ."

ನಗುವಿನ ಮಾತು ಅಲ್ಲಿಗೇ. ಸೂಜಿಯಮ್ಮನ ಹೊಟ್ಟೆ ನಿಜವಾಗಿ ಉರಿದದ್ದು ಬೇರೊಂದಕ್ಕೆ. ಒಂದು ಮಧ್ಯಾಹ್ನ ಅವಳು ನೀರು ಕಾಯಿಸಿ, ಒಲೆ ಆರಿಸಿ ಬಂದಳು. ಹಿಂದೆಯೇ ಸೊಸೆ ಹೋಗಿ ಗ್ಯಾಸಿನ ತಿರುಪನ್ನು ಮುಟ್ಟಿ ನೋಡಿದಳು. ಮರುದಿನವೂ ನೋಡಿದಳು. ಆ ಒಲೆಯ ಮುಂದೆ ಮೂವತ್ತೆಂಟು ವರ್ಷ ನಿಂತವಳ ಹಿಂದೆ ಹೋಗಿ ತಿರುಪು ಮುಟ್ಟಿ ನೋಡುವುದೆಂದರೆ! ಸುಳ್ಳೆಂದು ಬಲ್ಲವರೇ ನಾಲ್ಕು ವಾರದಲ್ಲಿ ಹೀಗಾದರೆ, ಅರಿಯದವರ ಪಾಡೇನು? ಅದು ತಿಳಿಯಲೂ ಹೆಚ್ಚು ದಿನ ಬೇಕಾಗಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯವನು ಒಂದು ಬೆಲೆಬಾಳುವ ಕೋಟು ತಂದು, ಕೊಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತ.

"ಅಲ್ಲಮ್ಮ... ಈ ಕೆಳಮನೆಯವರು ಏನೋ ಅಂತಿದ್ರು. ನಿಮಗೆ ಹುಷಾರಿಲ್ಲ ಅಂತ. ತಲೆ..."

"ಕೋಟು ಕೊಡೋ," ಎಂದು ಕಸಿದುಕೊಂಡಳು. ಅವನು ಕೊಟ್ಟ. ಆದರೆ ಸಂಜೆಯೇ ಬಂದು ವಾಪಸು ಒಯ್ದ, ಗಿರಾಕಿ ಅವಸರದಲ್ಲಿದ್ದಾರೆಂದ. ಮುಂದಿನ ವಾರ ಅವನಿಂದ ಒಂದು ಕರವಸ್ತ್ರವೂ ಬರಲಿಲ್ಲ. ಕಿಟಕಿಯ ಬಳಿಯ ಅವಳ ಕುರ್ಚಿಯ ಮೇಲೆ ಪಟಾಕಿ ಶಾಲೆಯ ಚೀಲ ಎಸೆಯತೊಡಗಿದಳು, ಖಾಲಿ ಕುರ್ಚಿಯಲ್ಲವೇ.

ಕೆಳಮನೆಯವರಿಗೆ ಹೇಳಿದವರು ಯಾರೆಂಬುದು ಶನಿವಾರ ಬಯಲಾಯಿತು. ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಬೇಯಿಸಿ, ನಾಲ್ವರೂ ತಟ್ಟೆಯ ಮುಂದೆ ಕುಳಿತಿದ್ದರು. ಮಗ ಗಂಟಲು ಸರಿಮಾಡಿಕೊಂಡ.

"ನೋಡು, ನೀನು ಕ್ಲಿನಿಕ್ಕಿಗೆ ಒಂದಾರು ತಿಂಗಳು ರಜಾ ಹಾಕೋಕಾಗುತ್ತಾ?" ಎಂದ ಹೆಂಡತಿಗೆ.

"ಯಾಕೆ?"

"ಕಂಪನೀಲಿ ಭಾನುವಾರದ ಡ್ಯೂಟಿ ಹಾಕ್ತಿದ್ರು. ಮನೇಲಿ ತಾಯೀನ ಒಬ್ರೇ ಬಿಡೋ ಹಾಗಿಲ್ಲ ಅಂತ ತಪ್ಪಿಸ್ಕೊಂಡಿದ್ದೆ. ಹೋಟೆಲಿನವರೂ ಹೌದು ಅಂದಿದ್ರಲ್ಲ, ಸಾಹೇಬ್ರು ನಂಬಿದ್ರು. ಇವತ್ತು ಕರೆದು ಕೇಳ್ತಾರೆ: 'ಹಾಗಾದ್ರೆ ವಾರದ ದಿನ ಯಾರು ನೋಡ್ಕೋತಾರೆ? ಹೆಂಡ್ತೀನ ಮನೇಲಿರಿಸಪ್ಪ. ವಿಚಾರಿಸೋಕೆ ನಮ್ಮ ಮನೆಯವರನ್ನ ಒಂದಿನ ಕಳಿಸ್ತೀನಿ' ಅಂತ. ನಾನೇನು ಮಾಡ್ಲಿ? ಕೆಳಮನೆಯವರಿಗೂ ಒಂದು ಮಾತು ಹಾಕಿಟ್ಟಿದೀನಿ, ಯಾರಾದ್ರೂ ಕೇಳಿದ್ರೆ ಒಂದೇ ಥರ ಇರಲಿ ಅಂತ."

ಸೊಸೆ ಕೈಯ ಚಮಚ ಕೆಳಗಿಟ್ಟಳು.

"ಸುಳ್ಳು ಹೇಳಿದ್ದು ನೀವು. ಕೆಲಸ ಬಿಡೋದು ನಾನು. ಹುಚ್ಚಿ ಆಗೋದು ನಿಮ್ಮಮ್ಮ. ನೀವೇನಾಗ್ತೀರಿ ಇದ್ರಲ್ಲಿ? ಅದೂ ಹೇಳ್ಬಿಡಿ, ಕೇಳೋಣ."

"ಆರೇ ತಿಂಗಳು ಕಣೇ..."

"ಆರು ತಿಂಗಳಾದ್ಮೇಲೆ ಅತ್ತೆಗೆ ಬುದ್ಧಿ ಬಂತು ಅಂತ ಇನ್ನೊಂದು ಕಾಗದ ಬರೀತೀರಾ? ರೀ, ಒಂಬತ್ತು ವರ್ಷದಿಂದ ಆ ಕುರ್ಚೀಲಿ ಕೂತಿದೀನಿ. ಇವತ್ತು ಬಿಟ್ರೆ ನಾಳೆ ಇನ್ನೊಬ್ಬಳು ಕೂರ್ತಾಳೆ. ಹೊದಿಕೆ ದಂಡ ಉಳೀತು ಅಂತ ಅವತ್ತು ನಾನೂ ಬಾಯಿ ಮುಚ್ಕೊಂಡೆನಲ್ಲ, ನನಗೆ ಆಗಬೇಕಾದ್ದೇ!"

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಅವಳು ಅತ್ತೆಗೆ ಅಂದಳು, ಮುಖ ತಿರುಗಿಸದೆ: "ಗ್ಯಾಸು ಮುಟ್ಟಿ ನೋಡಿದ್ದು ನೀವು ನೋಡಿದ್ರಿ ಅಲ್ವಾ?"

"ನೋಡ್ದೆ."

"ಕೈ ತಾನಾಗೇ ಹೋಯ್ತು ಅತ್ತೆ. ಸುಳ್ಳು ಅಂತ ಗೊತ್ತಿತ್ತು. ಆದ್ರೂ ಹೋಯ್ತು."

"ಅದಕ್ಕೇ ನಾನು ಹೆದರಿರೋದು," ಎಂದಳು ಸೂಜಿಯಮ್ಮ. "ನಾಳೆ ನನ್ನ ಕೈಯೂ ಹೋಗುತ್ತೆ. ಆರಿಸಿದ್ದೀನಾ ಇಲ್ವಾ ಅಂತ ನಾನೇ ಎರಡು ಸಲ ಮುಟ್ಟಿ ನೋಡ್ತೀನಿ. ಅವತ್ತು ಇವನು ಬರೆದುಕೊಟ್ಟಿದ್ದು ನಿಜವಾಗುತ್ತೆ."

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಸೂಜಿಯಮ್ಮ ಹೋಟೆಲಿನಲ್ಲಿದ್ದಳು. ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಕಾಗದ ಕೈಚೀಲದಲ್ಲಿತ್ತು, ಜೊತೆಗೆ ರಫೂವಿನಿಂದ ಕೂಡಿಟ್ಟ ದುಡ್ಡೂ. ಸ್ವಾಗತದ ಮೇಜಿನ ಹುಡುಗಿ ನಗುತ್ತ, "ರೂಮ್ ಬೇಕಿತ್ತಾ ಮೇಡಂ?" ಎಂದಳು.

"ರೂಮಿನ ಸಹವಾಸ ಸಾಕಾಗಿದೆ ತಾಯಿ. ನಿಮ್ಮ ಕಪ್ಪು ಕೋಟಿನ ಸೂಪರ್‌ವೈಸರ್ ಬೇಕು."

ಸೂಪರ್‌ವೈಸರಿನ ಕೋಣೆ ನೆಲಮಾಳಿಗೆಯಲ್ಲಿತ್ತು. ಮೇಲಿನ ಥಳಕು ಅಲ್ಲಿಗೆ ಇಳಿದಿರಲಿಲ್ಲ. ಒದ್ದೆ ಟವೆಲ್ಲಿನ ವಾಸನೆ, ಗೋಡೆಯುದ್ದಕ್ಕೂ ಫೈಲುಗಳು, ಹೊರಗೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗು. ಅವಳು ಸೂಜಿಯಮ್ಮನನ್ನು ಕಂಡು ಮಕ್ಕಳ ಜೊತೆ ಆಡುವ ದನಿ ತೆಗೆದಳು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ. ಒಬ್ರೇ ಬಂದ್ರಾ? ದಾರಿ ಗೊತ್ತಾಯ್ತಾ? ಮಗನಿಗೆ ಹೇಳಿ ಬಂದಿದೀರಾ?"

"ನೋಡು, ಆ ದನಿ," ಎಂದಳು ಸೂಜಿಯಮ್ಮ. "ಅವತ್ತು ನನ್ನ ಬೈದೆಯಲ್ಲ, ಆ ದನಿ ಇದಕ್ಕಿಂತ ಎಷ್ಟೋ ಮೇಲಿತ್ತು. ಅದ್ರಲ್ಲೇ ಮಾತಾಡು. ಈ ಕಾಗದದ್ದು ಇನ್ನೊಂದು ಪ್ರತಿ ನಿನ್ನ ಹತ್ರ ಇದೆ. ತೆಗಿ."

ಸೂಪರ್‌ವೈಸರ್ ತೆಗೆದಳು. ಸೂಜಿಯಮ್ಮ ಬೆರಳಿಟ್ಟು ತೋರಿಸಿದಳು. "ಈ ಸಾಲು ಸುಳ್ಳು. ನನಗೆ ಯಾವ ಭ್ರಮಣೆಯೂ ಇಲ್ಲ. ತೂತು ನಾವು ಬರೋ ಮೊದಲೇ ಇತ್ತು, ಸಿಗರೇಟಿಂದು, ಮೇಲೆ ದಿಂಬಿಟ್ಟಿದ್ರಿ. ಅಂಚು ಬಿಚ್ಚಿದ್ದು ನಾನು, ಎಳೆ ತೆಗೆದಿದ್ದು ನಾನು, ಬುದ್ಧಿ ನೆಟ್ಟಗಿಟ್ಕೊಂಡೇ ಮಾಡ್ದೆ. ಎರಡನ್ನೂ ಬರಿ."

ಸೂಪರ್‌ವೈಸರ್ ನಿಟ್ಟುಸಿರಿಟ್ಟಳು. ಕೆಟ್ಟವಳೇನಲ್ಲ, ದಿನಕ್ಕೆ ನಲವತ್ತು ರೂಮು ನೋಡುವವಳು. "ಅಜ್ಜಿ... ಅಮ್ಮ, ನಿಮಗೆ ಅರ್ಥ ಆಗ್ತಿಲ್ಲ. ಈ ಸಾಲು ಇರೋದ್ರಿಂದಲೇ ನಿಮ್ಮ ಮೇಲೆ ದಂಡ ಇಲ್ಲ. ಇದನ್ನ ಹೊಡೆದುಹಾಕಿದ್ರೆ ನಿಯಮದ ಪ್ರಕಾರ ದಂಡ ಹಾಕ್ಲೇಬೇಕಾಗುತ್ತೆ. ತೂತು ಮೊದಲೇ ಇತ್ತು ಅಂತಾನೇ ಬರೆದ್ರೂ, ಅತಿಥಿ ಹೋಟೆಲಿನ ಸಾಮಾನಿಗೆ ಕತ್ತರಿ ಹಾಕೋ ಹಾಗಿಲ್ಲ. ಅರ್ಧ ದಂಡ ಆದ್ರೂ ಬೀಳುತ್ತೆ."

"ಹಾಕು."

"ಅಮ್ಮ..."

"ಹಾಕಮ್ಮ. ದಂಡ ಬುದ್ಧಿ ಇರೋರಿಗೆ ತಾನೇ ಹಾಕೋದು? ಕರುವಿಗೆ ಹಾಕ್ತಾರಾ, ಕೂಸಿಗೆ ಹಾಕ್ತಾರಾ? ನನ್ನ ಕೈಲಿ ದುಡಿದದ್ದಿದೆ, ಕಟ್ಟಿ ಹೋಗ್ತೀನಿ."

ಹೊರಗಿನ ಯಂತ್ರಗಳ ಬಳಿ ಯಾರೋ ಒಬ್ಬ ಹೆಂಗಸು ಟವೆಲ್ಲು ಮಡಚುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದಳು. ಸೂಪರ್‌ವೈಸರ್ ಎದ್ದು ಬಾಗಿಲು ಮುಚ್ಚಿದಳು. ಬಂದು ಕುಳಿತು, ದನಿ ತಗ್ಗಿಸಿದಳು. "ನೀವು ಹೇಳಿದ್ರೆ ಸಾಲದು. ರುಜು ಹಾಕಿದವರು ನಿಮ್ಮ ಮಗ. ಅವರೇ ಹೇಳ್ಬೇಕು, ಮೊದಲು ಹೇಳಿದ್ದು ಸುಳ್ಳು ಅಂತ. ಈಗ ಇಲ್ಲೇ ಇದಾರೆ, ಮೂರನೇ ಮಹಡಿ ಲಿಫ್ಟ್ ನೋಡ್ತಿದಾರೆ. ಕರೀಲಾ?"

"ಕರಿ."

ಮಗ ಬಂದ. ನೀಲಿ ಅಂಗಿ, ಮೊಣಕೈವರೆಗೆ ಗ್ರೀಸು. ತಾಯಿಯನ್ನು ಕಂಡು ಬಾಗಿಲಲ್ಲೇ ನಿಂತ. ಏನಾಗಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಹಿಂದೆಯೇ ಹೋಟೆಲಿನ ಎಂಜಿನಿಯರ್, ಇವನ ಕೆಲಸಕ್ಕೆ ಪ್ರತಿ ತಿಂಗಳೂ ಷರಾ ಬರೆಯುವವನು, ಲಿಫ್ಟ್ ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಲು ಬಂದು, ಅವನೂ ನಿಂತ.

"ಇವರು ನಿಮ್ಮ ತಾಯಿ. ಬುದ್ಧಿ ಸರಿಯಾಗಿದೆ ಅಂತಾರೆ," ಎಂದಳು ಸೂಪರ್‌ವೈಸರ್. "ನೀವು ಬರೆದುಕೊಟ್ಟಿದ್ದು ಬೇರೆ. ಯಾವುದು ಸರಿ?"

"ಅಮ್ಮ, ಮನೇಲಿ ಮಾತಾಡೋಣ. ಬಾ, ಆಟೋ ಮಾಡಿಕೊಡ್ತೀನಿ."

"ಮನೇಲಿ ಐದು ವಾರ ಮಾತಾಡಿಯಾಯ್ತು. ಅವರು ಕೇಳಿದ್ದಕ್ಕೆ ಹೇಳು."

ಮಗ ಎಂಜಿನಿಯರನ ಕಡೆ ನೋಡಿದ. ಸೂಪರ್‌ವೈಸರಿನ ಕಡೆ ನೋಡಿದ. ತಾಯಿಯ ಕಡೆ ನೋಡುವುದೊಂದನ್ನು ಬಿಟ್ಟು ಆ ಕೋಣೆಯಲ್ಲಿದ್ದ ಎಲ್ಲವನ್ನೂ ನೋಡಿದ. ಸೂಜಿಯಮ್ಮ ಕಾಯುತ್ತ ಕುಳಿತಳು. ಕಾಯುವುದು ಅವಳಿಗೆ ಹೊಸದಲ್ಲ; ಒಂದು ಶಾಲಿನ ಅಂಗೈಯಗಲದ ಹರುಕಿಗೆ ಒಂಬತ್ತು ದಿನ ಕುಳಿತವಳು.

"ಅಮ್ಮಂಗೆ... ಸರಿಯಾಗೇ ಇದೆ," ಎಂದ ಕೊನೆಗೆ, ನೆಲಕ್ಕೆ. "ನಾನೇ..."

"ನಾನೇ ಏನು? ಪೂರ್ತಿ ಹೇಳು."

"ದಂಡಕ್ಕೆ ಹೆದರಿ ನಾನೇ ಸುಳ್ಳು ಹೇಳ್ದೆ."

"ಬರ್ಕೊಳ್ಳಮ್ಮ," ಎಂದಳು ಸೂಜಿಯಮ್ಮ. "ಆಫೀಸಿನ ಭಾಷೇಲಿ ಬೇಡ. ಅವನು ಹೇಳಿದ ಹಾಗೇ ಬರ್ಕೋ."

ಸೂಪರ್‌ವೈಸರ್ ಬರೆದಳು. ಅವನು ಅಂಗಿಗೆ ಕೈ ಒರೆಸಿಕೊಂಡು ರುಜು ಹಾಕಿದ. ಒರೆಸಿದರೂ ಕಾಗದದ ಅಂಚಿಗೆ ಕಪ್ಪು ಹತ್ತಿತು. ಕೆಳಗೆ ಸೂಜಿಯಮ್ಮ ತನ್ನ ಹೆಸರು ಬರೆದಳು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ತಲೆಕಟ್ಟು ಸಮೇತ. ಎಂಜಿನಿಯರ್ ಗಡಿಯಾರ ನೋಡಿಕೊಂಡು ಹೊರಟುಹೋದ.

ಕಾರಿಡಾರಿನಲ್ಲಿ ಮಗ ತಾಯಿಯ ದಾರಿಗಡ್ಡ ನಿಂತ. ಕಣ್ಣು ಕೆಂಪಾಗಿತ್ತು. "ಸಮಾಧಾನ ಆಯ್ತಾ ನಿನಗೆ? ಅವನ ಮುಂದೇನೇ ಹೇಳಿಸ್ಬೇಕಿತ್ತಾ? ನನ್ನ ಇಲ್ಲಿಂದ ತೆಗೆದುಹಾಕಿದ್ರೆ?"

ಸೂಜಿಯಮ್ಮ ದಂಡ ಕಟ್ಟಿದ ರಸೀದಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

"ತೆಗೆದ್ರೆ ಊರಲ್ಲಿ ಬೇರೆ ಲಿಫ್ಟ್ ಇದಾವೆ ಕಣೋ," ಎಂದಳು. "ನನಗೆ ಬೇರೆ ತಲೆ ಇದೆಯೇನೋ?"